ನಾಲ್ಕು ತಾಲ್ಲೂಕುಗಳ ಧೈರ್ಯ: ಕೆಲವು ಟಿಪ್ಪಣಿಗಳು

1

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆ ಹೊರಟರೆ ಹೊಲಗಳ ನಡುವೆ ಎತ್ತರದ ಗೋಡೆಯ, ಕಿಟಕಿಯಿಲ್ಲದ ಕಟ್ಟಡಗಳು ಕಾಣುತ್ತವೆ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್‌ಗಳು. ಎಷ್ಟೋ ಕಡೆ ಮಾಲೀಕ ವಾಸ ಮಾಡುವ ಮನೆಗಿಂತ ಬ್ಯಾರನ್ ಎತ್ತರ. ಮನೆಗೆ ಸುಣ್ಣ ಬಳಿದು ವರ್ಷಗಳಾಗಿರುತ್ತವೆ. ಬ್ಯಾರನ್ನಿನ ಚಾವಣಿ ಹೊಸದಿರುತ್ತದೆ.

2

2009ರಲ್ಲಿ ‘ಸ್ಟಾರ್ಟ್‌ಅಪ್ ನೇಷನ್’ ಎಂಬ ಪುಸ್ತಕ ಬಂತು. ಬರೆದವರು ಡಾನ್ ಸೆನೊರ್ ಮತ್ತು ಸೌಲ್ ಸಿಂಗರ್. ಇಸ್ರೇಲಿನಂಥ ಸಣ್ಣ ದೇಶದಲ್ಲಿ ಅಷ್ಟೊಂದು ಹೊಸ ಕಂಪನಿಗಳು ಹುಟ್ಟುವುದಕ್ಕೆ ಅವರು ಕೊಟ್ಟ ಕಾರಣಗಳಲ್ಲಿ ಒಂದು ಅಲ್ಲಿನ ಜನರ ಸ್ವಭಾವ. ಅವರು ಮೇಲಧಿಕಾರಿಗೆ ಎದುರು ಮಾತಾಡುತ್ತಾರೆ. ಸೋತವನನ್ನು ದೂರ ಇಡುವುದಿಲ್ಲ. ಗೊತ್ತಿಲ್ಲದ ಕೆಲಸಕ್ಕೂ ಕೈ ಹಾಕುತ್ತಾರೆ.

ಆಮೇಲೆ ಬೆಂಗಳೂರಿನ ಸಭೆಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಸಿತು: ನಮ್ಮವರಿಗೆ ಆ ಧೈರ್ಯವಿಲ್ಲ.

ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಕಂಡದ್ದನ್ನು, ಓದಿದ್ದನ್ನು ಇಲ್ಲಿ ಬರೆದಿದ್ದೇನೆ.

3

ಹೊಗೆಸೊಪ್ಪಿನ ಕೆಲಸದ ಕ್ರಮ. ಬೇಸಿಗೆ ಶುರುವಾಗುವಾಗ ಸಸಿಮಡಿ, ಈಗೀಗ ಟ್ರೇಗಳಲ್ಲಿ ಸಸಿ. ಏಪ್ರಿಲ್, ಮೇ ತಿಂಗಳ ಮಳೆಗೆ ನಾಟಿ. ಗಿಡ ಹೂ ಬಿಡುವ ಹೊತ್ತಿಗೆ ಕುಡಿ ಮುರಿಯಬೇಕು. ಎಲೆ ಕೆಳಗಿನಿಂದ ಹಣ್ಣಾಗುತ್ತಾ ಬರುತ್ತದೆ. ಹಣ್ಣಾದಷ್ಟನ್ನೇ ಮುರಿದು ತರುತ್ತಾರೆ. ಹೆಂಗಸರು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಸಾಲು ಸಾಲಾಗಿ ನೇತು ಹಾಕಿ ಬಾಗಿಲು ಮುಚ್ಚುತ್ತಾರೆ. ಸುಮಾರು ಐದರಿಂದ ಏಳು ದಿನ ಬೆಂಕಿ.

ಒಲೆಯ ಬಾಯಿ ಹೊರಗಿರುತ್ತದೆ. ಕಬ್ಬಿಣದ ಕೊಳವೆಗಳು ಬಿಸಿಯನ್ನು ಒಳಗೆ ಒಯ್ಯುತ್ತವೆ. ಹೊಗೆ ಚಿಮಣಿಯಿಂದ ಹೊರಗೆ ಹೋಗಬೇಕು, ಎಲೆಗೆ ತಾಕಬಾರದು. ಮೊದಲು ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಎಲೆ ಒಣಗಬೇಕು, ಕೊನೆಗೆ ನಡುವಿನ ದಂಟು ಒಣಗಬೇಕು. ಒಂದೊಂದು ಹಂತಕ್ಕೂ ಒಂದೊಂದು ಕಾವು. ರಾತ್ರಿ ಕಾವು ಏರುಪೇರಾದರೆ ಬಣ್ಣ ಕೆಡುತ್ತದೆ. ಬಣ್ಣ ಕೆಟ್ಟರೆ ಬೆಲೆ ಬೀಳುತ್ತದೆ. ಹಾಗಾಗಿ ಆ ದಿನಗಳಲ್ಲಿ ಮನೆಯವರು ಸರದಿಯ ಮೇಲೆ ಮಲಗುತ್ತಾರೆ.

4

ಒಂದು ಕೆ.ಜಿ. ಸೊಪ್ಪು ಹದವಾಗಲು ನಾಲ್ಕೈದು ಕೆ.ಜಿ. ಸೌದೆ.

5

ಮಾರಾಟ ಹರಾಜಿನಲ್ಲಿ. ಕರ್ನಾಟಕದಲ್ಲಿ ತಂಬಾಕು ಮಂಡಳಿಯ ಹರಾಜು 1984ರಲ್ಲಿ ಶುರುವಾಯಿತು. ಮಂಡಳಿಯ ಮುಖ್ಯ ಕಚೇರಿ ಗುಂಟೂರಿನಲ್ಲಿದೆ. ಇಲ್ಲಿನ ಹರಾಜು ಮಾರುಕಟ್ಟೆಗಳು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ.

ದೊಡ್ಡ ಶೆಡ್ಡಿನಲ್ಲಿ ಬೇಲುಗಳ ಸಾಲು. ಕೊಳ್ಳುವ ಕಂಪನಿಗಳ ಕಡೆಯವರು ಸಾಲಿನ ಉದ್ದಕ್ಕೂ ನಡೆಯುತ್ತಾರೆ. ಒಬ್ಬರು ಒಂದು ಹಿಡಿ ಎಲೆ ಎಳೆದು ನೋಡುತ್ತಾರೆ, ಮೂಸುತ್ತಾರೆ, ಮತ್ತೆ ತುರುಕುತ್ತಾರೆ. ಒಂದು ಬೇಲಿನ ಮುಂದೆ ಅವರು ನಿಲ್ಲುವುದು ಕೆಲವೇ ಕ್ಷಣ. ಬೆಳೆದವನು ಪಕ್ಕದಲ್ಲೇ ನಿಂತಿರುತ್ತಾನೆ. ಬೆಲೆ ಹೇಳುವುದು ಅವನಲ್ಲ. ಒಪ್ಪಿಗೆಯಾಗದಿದ್ದರೆ ಬೇಲನ್ನು ವಾಪಸ್ ಒಯ್ಯಬಹುದು. ಒಯ್ದರೆ ಗಾಡಿ ಬಾಡಿಗೆ ಅವನದೇ, ಮತ್ತೆ ತರುವ ಬಾಡಿಗೆಯೂ ಅವನದೇ.

6

ಎಷ್ಟು ಬೆಳೆಯಬೇಕೆಂದು ಮಂಡಳಿ ಪ್ರತಿ ವರ್ಷ ನಿಗದಿ ಮಾಡುತ್ತದೆ. ನೋಂದಣಿ ಕಾರ್ಡು ಇದ್ದವರಿಗೆ ಇಷ್ಟೇ ಕೆ.ಜಿ. ಎಂಬ ಮಿತಿ. ಮಿತಿ ಮೀರಿದವರೂ ಇದ್ದಾರೆ, ಕಾರ್ಡೇ ಇಲ್ಲದೆ ಬೆಳೆಯುವವರೂ ಇದ್ದಾರೆ. ಅವರ ಸೊಪ್ಪನ್ನು ದಂಡ ಕಟ್ಟಿಸಿಕೊಂಡು ಕೊಳ್ಳುವುದೋ, ದಂಡ ಬಿಡುವುದೋ ಎಂಬುದು ಬೆಳೆ ಬಂದ ಮೇಲೆ ದೆಹಲಿಯಲ್ಲಿ ತೀರ್ಮಾನವಾಗುತ್ತದೆ. ನಾಟಿ ಅದಕ್ಕೆ ತಿಂಗಳುಗಳ ಮೊದಲೇ ಮುಗಿದಿರುತ್ತದೆ.

7

ಹುಣಸೂರು ಸೀಮೆಯ ಬೆಳೆಗಾರರೊಬ್ಬರು ಹೇಳಿದ್ದು: “ಬಂದ್ರೆ ಬೆಟ್ಟ, ಹೋದ್ರೆ ಕೂದ್ಲು ಸಾರ್.” ಆ ವರ್ಷ ಅವರು ಹೂಡಿದ್ದರಲ್ಲಿ ಹೆಂಡತಿಯ ಒಡವೆ ಗಿರವಿ ಇಟ್ಟ ದುಡ್ಡೂ ಇತ್ತು.

ಅವರ ಮಗ ಮೈಸೂರಿನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ. ಅದನ್ನು ಬಿಟ್ಟು ಇಬ್ಬರು ಗೆಳೆಯರ ಜೊತೆ ಸ್ವಂತದ್ದೇನಾದರೂ ಶುರುಮಾಡಬೇಕು ಎಂದಿದ್ದ. ಅವನಿಗೆ ಅಪ್ಪ ಹೇಳಿದ್ದು: “ಹಾಸ್ಗೆ ಇದ್ದಷ್ಟು ಕಾಲು ಚಾಚು ಮಗ.”

ಎರಡು ಮಾತೂ ಒಂದೇ ಜಗಲಿಯಲ್ಲಿ, ಒಂದೇ ಸಂಜೆ. ಅವರ ದನಿಯಲ್ಲಿ ವ್ಯತ್ಯಾಸವಿರಲಿಲ್ಲ.

8

2023ರ ಫೆಬ್ರುವರಿಯಲ್ಲಿ ಪಕ್ಕದ ಮಂಡ್ಯ ಜಿಲ್ಲೆಯಿಂದ ಮದುವೆಯಾಗದ ಯುವಕರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಹೆಚ್ಚಿನವರು ಬೇಸಾಯದವರು. ಹರಕೆ, ಹೆಣ್ಣು ಸಿಗಲಿ ಎಂದು. ಹೆಣ್ಣಿನ ಕಡೆಯವರು ಕೇಳುವುದು ತಿಂಗಳ ಸಂಬಳ.

9

ಹೈದರಾಲಿ ಎಚ್.ಡಿ. ಕೋಟೆ ಕಡೆಯ ಕಾಕನಕೋಟೆ ಕಾಡಿನಲ್ಲಿ ಆನೆ ಹಿಂಡನ್ನು ಹಿಡಿಯಲು ನೋಡಿ ಸೋತ. ಇದು ಯಾರಿಂದಲೂ ಆಗದು, ಮಾಡಹೊರಟವರಿಗೆ ಶಾಪ ತಟ್ಟಲಿ ಎಂದು ಕಲ್ಲಿನಲ್ಲಿ ಬರೆಸಿದ. ಸುಮಾರು ನೂರು ವರ್ಷದ ಮೇಲೆ ಈ ಸಂಗತಿಯನ್ನು ದಾಖಲಿಸಿದವನು ಜಿ.ಪಿ. ಸ್ಯಾಂಡರ್‌ಸನ್. ಮೈಸೂರು ಸರ್ಕಾರದ ನೀರಾವರಿ ಇಲಾಖೆಯ ನೌಕರ. ಆನೆ ಹಿಡಿದ ಅನುಭವ ಅವನಿಗೂ ಇರಲಿಲ್ಲ. ಅವನು ಸರ್ಕಾರದ ಹಣ ಕೇಳಿದ, ಸರ್ಕಾರ ಕೊಟ್ಟಿತು. ಚಾಮರಾಜನಗರದ ಕಡೆ ನಡೆಸಿದ ಮೊದಲ ಪ್ರಯತ್ನ ಕೈಗೂಡಲಿಲ್ಲ. 1874ರಲ್ಲಿ 50ಕ್ಕೂ ಹೆಚ್ಚು ಆನೆಗಳು ಸಿಕ್ಕವು.

ಮುಂದೆ ಕಾಕನಕೋಟೆಯಲ್ಲೇ ಆನೆ ಹಿಡಿಯುವ ಖೆಡ್ಡಾಗಳು ನಡೆದವು. ಕೊನೆಯದು 1971ರಲ್ಲಿ. ಕಬಿನಿ ಅಣೆಕಟ್ಟೆ ಮುಗಿದದ್ದು 1974ರಲ್ಲಿ. ಖೆಡ್ಡಾ ನಡೆದ ಹೊಳೆದಂಡೆಯ ಬಹುಭಾಗ ಈಗ ಹಿನ್ನೀರಿನಡಿ ಇದೆ.

ಸ್ಯಾಂಡರ್‌ಸನ್ನನ ಹೆಸರು ಪುಸ್ತಕಗಳಲ್ಲಿ ಸಿಗುತ್ತದೆ. ಆನೆ ಹಿಂಡಿನ ಜಾಡು ಹಿಡಿದ, ಅಟ್ಟಿದ ಕಾಡಿನವರ ಹೆಸರುಗಳು ಸಿಗುವುದು ಅಪರೂಪ.

10

ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ ಹುಣಸೂರು ಸೈನ್ಯಕ್ಕೆ ಸಾಮಾನು ಒದಗಿಸುವ ಊರು. ಅಮೃತಮಹಲ್ ದನಗಳ ಕೇಂದ್ರ, ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಗಾಡಿ ಕಟ್ಟುವ ಮರದ ಅಂಗಳ. 1860ರ ದಶಕದಲ್ಲಿ ಸರ್ಕಾರ ಅವನ್ನು ಮುಚ್ಚಿತು. ಕೆಲಸ ಕಲಿತವರು ಊರು ಬಿಡಲಿಲ್ಲ. ಬೂಟು, ಚೀಲ, ಗಾಡಿಗಳನ್ನು ಸ್ವಂತಕ್ಕೆ ಮಾಡಿ ಮಾರತೊಡಗಿದರು ಎಂದು ಹಳೆಯ ಗೆಜೆಟಿಯರ್ ಹೇಳುತ್ತದೆ.

ಮರದ ಕಸುಬು ಹುಣಸೂರಿನಲ್ಲಿ ಇವತ್ತಿಗೂ ಉಂಟು.

11

ದೇವರಾಜ ಅರಸು ಹುಟ್ಟಿದ್ದು 1915ರಲ್ಲಿ, ಬೆಳೆದದ್ದು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಅವರು ಮುಖ್ಯಮಂತ್ರಿಯಾಗಿದ್ದಾಗ ತಿದ್ದಿದ ಭೂಸುಧಾರಣೆ ಕಾಯ್ದೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರು ಮಾಲೀಕರಾದರು.

ಪಹಣಿಯಲ್ಲಿ ಹೆಸರು ಬಂದ ಮೇಲೆ ಬ್ಯಾಂಕಿನವರು ಕುರ್ಚಿ ಕೊಟ್ಟರು ಎಂದು ಹಿರಿಯರೊಬ್ಬರು ನೆನೆಸಿಕೊಂಡರು. ಅದಕ್ಕೆ ಮೊದಲು ಅವರ ತಂದೆ ಬ್ಯಾಂಕಿನ ಒಳಗೇ ಹೋದವರಲ್ಲ. ಪಹಣಿ ಬಂದ ಕೆಲವೇ ವರ್ಷಗಳಲ್ಲಿ ಆ ಮನೆ ಬ್ಯಾರನ್ ಕಟ್ಟಿಸಿತು. ಜನರ ಸ್ವಭಾವ ಬದಲಾಗಲು ಅಷ್ಟು ವರ್ಷ ಸಾಕೇ? ಪಹಣಿಯ ಹೆಸರು ಬದಲಾಗಲು ಸಾಕಾಯಿತು.

12

ಎಚ್.ಡಿ. ಕೋಟೆಯ ಶುಂಠಿ ಹೊಲಗಳಲ್ಲಿ ಮಲಯಾಳ ಕೇಳಿಸುತ್ತದೆ. ವಯನಾಡಿನಿಂದ ಬಂದವರು ಜಮೀನು ಗುತ್ತಿಗೆಗೆ ಹಿಡಿಯುತ್ತಾರೆ, ಕೊಳವೆಬಾವಿ ತೋಡಿಸುತ್ತಾರೆ, ಶೆಡ್ಡು ಹಾಕಿ ಅಲ್ಲೇ ಇರುತ್ತಾರೆ. ಬೀಜದ ಶುಂಠಿ, ಗೊಬ್ಬರ, ಆಳು ಎಲ್ಲ ಮುಂಗಡ ಖರ್ಚು. ಗೆಡ್ಡೆ ಕೊಳೆ ರೋಗ ಬಂದರೆ ಹೊಲ ವಾರಗಳಲ್ಲಿ ಹೋಗುತ್ತದೆ. ರೋಗ ಮಣ್ಣಿನಲ್ಲಿ ಉಳಿಯುವುದರಿಂದ ಅದೇ ಹೊಲದಲ್ಲಿ ಮತ್ತೆ ಹಾಕುವುದಿಲ್ಲ. ಮುಂದಿನ ಸಲ ಬೇರೆ ಹೊಲ, ಬೇರೆ ಊರು.

ಜಮೀನಿನವರು ಮೊದಲು ದಿಣ್ಣೆಯ ಮೇಲೆ ನಿಂತು ನೋಡಿದರು. ನಂತರ ಪಾಲಿಗೆ ಸೇರಿದರು. ಆಮೇಲೆ ತಾವೇ ಹಾಕಿದರು.

13

ಭೂಸುಧಾರಣೆ ಕಾಯ್ದೆಯ 5ನೇ ಕಲಂ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಿಷೇಧಿಸುತ್ತದೆ. ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಇದೆ. ಶುಂಠಿಯ ಗುತ್ತಿಗೆಗಳು ಬಾಯಿಮಾತಿನ ಮೇಲೆ, ಇಲ್ಲವೇ ಸ್ಟ್ಯಾಂಪ್ ಕಾಗದದ ಮೇಲೆ ನಡೆಯುತ್ತವೆ. ಲಕ್ಷಗಟ್ಟಲೆ ಹಣ ಕೈ ಬದಲಾಗುತ್ತದೆ. ತಕರಾರು ಬಂದರೆ ಹೋಗುವುದು ಊರಿನ ಯಜಮಾನರ ಹತ್ತಿರ.

14

2023ರ ಮಳೆಗಾಲದಲ್ಲಿ 60 ಕೆ.ಜಿ. ಶುಂಠಿ ಚೀಲದ ಬೆಲೆ 10 ಸಾವಿರ ರೂಪಾಯಿ ದಾಟಿತು. ಹಿಂದಿನ ವರ್ಷ ಅದರ ಕಾಲು ಭಾಗವೂ ಸಿಗದೆ ಹಲವರು ಕೈ ಸುಟ್ಟುಕೊಂಡಿದ್ದರು. ಹೊಲಗಳಿಂದ ರಾತ್ರಿ ಶುಂಠಿ ಕಳವಾಯಿತು. ಮೈಸೂರು ಜಿಲ್ಲೆಯ ರೈತರು ಹೊಲಕ್ಕೆ ಸಿ.ಸಿ. ಕ್ಯಾಮೆರಾ ಹಾಕಿಸಿದರು.

ಮರುವರ್ಷ ಎಲ್ಲ ಕಡೆ ಶುಂಠಿ. ಬೆಲೆ ಇಳಿಯಿತು.

15

ಶುಂಠಿ ಹೊಲದ ಡ್ರಿಪ್ ಪೈಪಿನ ಕತೆ. ಹನಿ ನೀರಾವರಿಯನ್ನು ಉದ್ಯಮವಾಗಿ ಬೆಳೆಸಿದ ನೆಟಾಫಿಮ್ ಕಂಪನಿ 1965ರಲ್ಲಿ ಇಸ್ರೇಲಿನ ಹಟ್ಜೆರಿಮ್ ಎಂಬಲ್ಲಿ ಹುಟ್ಟಿತು. ಹಟ್ಜೆರಿಮ್ ಒಂದು ಕಿಬ್ಬುತ್ಸ್. ಜಮೀನು, ದುಡಿಮೆ, ಲಾಭ, ನಷ್ಟ ಎಲ್ಲವೂ ಊರೊಟ್ಟಿಗೆ ಸೇರಿದ್ದು.

16

1993ರಲ್ಲಿ ಇಸ್ರೇಲ್ ಸರ್ಕಾರ ಯೋಜ್ಮಾ ಎಂಬ ನಿಧಿ ಮಾಡಿತು. 10 ಕೋಟಿ ಡಾಲರ್. ಖಾಸಗಿಯವರು ಹೊಸ ಕಂಪನಿಗಳಿಗೆ ಹಣ ಹೂಡುವ ನಿಧಿ ಕಟ್ಟಿದರೆ ಅದರಲ್ಲಿ ಸರ್ಕಾರವೂ ಪಾಲು ಹಾಕುತ್ತಿತ್ತು. ನಷ್ಟವಾದರೆ ಸರ್ಕಾರದ ಪಾಲೂ ಹೋಗುತ್ತಿತ್ತು. ಲಾಭದ ಸೂಚನೆ ಕಂಡರೆ ಐದು ವರ್ಷದೊಳಗೆ ಸರ್ಕಾರದ ಪಾಲನ್ನು ಅಸಲು ಮತ್ತು ಬಡ್ಡಿಗೆ ಕೊಂಡುಕೊಳ್ಳುವ ಹಕ್ಕು ಖಾಸಗಿಯವರಿಗಿತ್ತು.

ಸ್ವಭಾವದ ಮಾತು ಬಂದ ಸಭೆಗಳಲ್ಲಿ ಈ ಷರತ್ತಿನ ಮಾತು ಬಂದದ್ದನ್ನು ನಾನು ಕೇಳಿಲ್ಲ.

17

ಭಾರತದಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ ಶುರುವಾದದ್ದು 2016ರ ಜನವರಿ 16ರಂದು. ಮಾನ್ಯತೆ ಬೇಕಾದರೆ ಪ್ರೈವೇಟ್ ಲಿಮಿಟೆಡ್ ಕಂಪನಿಯೋ, ನೋಂದಾಯಿತ ಪಾಲುದಾರಿಕೆಯೋ ಆಗಿರಬೇಕು ಎಂದು ಆಗ ನಿಯಮ ಮಾಡಿದರು. ಒಬ್ಬನೇ ಮಾಲೀಕನ ವ್ಯವಹಾರ ಅದರೊಳಗೆ ಬರಲಿಲ್ಲ.

ಪಿರಿಯಾಪಟ್ಟಣದ ಕಡೆ ತೆಂಗಿನ ನಾರಿನ ಪುಡಿ ತುಂಬಿದ ಟ್ರೇಗಳಲ್ಲಿ ಸಸಿ ಬೆಳೆಸಿ ಮಾರುವವರಿದ್ದಾರೆ. ಮಳೆ ಯಾವಾಗ ಬರುತ್ತದೆಂದು ಊಹಿಸಿ ಬೀಜ ಹಾಕುತ್ತಾರೆ. ಮಳೆ ಮೂರು ವಾರ ತಡವಾದರೆ ಸಸಿ ಬಲಿತುಹೋಗುತ್ತದೆ, ಯಾರೂ ಕೊಳ್ಳುವುದಿಲ್ಲ. ಇವರನ್ನು ಉದ್ಯಮಿ ಎಂದು ಯಾರೂ ಕರೆದದ್ದು ಕೇಳಿಲ್ಲ. ಇವರೂ ಕರೆದುಕೊಳ್ಳುವುದಿಲ್ಲ.

18

ಬೈಲಕುಪ್ಪೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿದೆ. 1960ರಲ್ಲಿ ರಾಜ್ಯ ಸರ್ಕಾರ ಟಿಬೆಟಿನ ನಿರಾಶ್ರಿತರಿಗೆ ಸುಮಾರು 3,000 ಎಕರೆ ಗುತ್ತಿಗೆಯಾಗಿ ಕೊಟ್ಟಿತು. ಅವರು ಕಾಡು ಕಡಿದು ಹೊಲ ಮಾಡಿದರು. ಎರಡನೇ ವಸತಿ ಡಿಕಿ ಲಾರ್ಸೋ 1969ರದು. ಮೆಕ್ಕೆಜೋಳ ಬೆಳೆಯುತ್ತಾರೆ.

ಬೆಳೆ ಮುಗಿದ ಮೇಲೆ, ಚಳಿಗಾಲಕ್ಕೆ, ಸ್ವೆಟರ್ ಮಾರಲು ಹೊರಡುತ್ತಾರೆ. ಸ್ವೆಟರ್ ಅವರು ಹೆಣೆದದ್ದಲ್ಲ. ಲೂಧಿಯಾನದ ಸಗಟು ವ್ಯಾಪಾರಿಗಳಿಂದ ತಂದದ್ದು, ಬಹುಪಾಲು ಸಾಲಕ್ಕೆ. ಊರೂರುಗಳ ಫುಟ್‌ಪಾತಿನಲ್ಲಿ ಮಾರಿ, ಹಂಗಾಮು ಮುಗಿದ ಮೇಲೆ ಬಾಕಿ ತೀರಿಸುತ್ತಾರೆ. ಅವರ ಹೆಸರಿನಲ್ಲಿ ಜಮೀನಿಲ್ಲ. ಹೆಚ್ಚಿನವರಿಗೆ ಪೌರತ್ವವೂ ಇಲ್ಲ, ನೋಂದಣಿ ಪತ್ರ ಮಾತ್ರ. ಅಡವಿಡಲು ಏನೂ ಇಲ್ಲದವರಿಗೆ ಎರಡು ಸಾವಿರ ಕಿಲೋಮೀಟರ್ ಆಚೆಯ ವ್ಯಾಪಾರಿ ಸಾಲಕ್ಕೆ ಮಾಲು ಕೊಡುತ್ತಾನೆ. ಹೋದ ವರ್ಷ ತೀರಿಸಿದ್ದಾರೆ, ಅದಕ್ಕೆ ಕೊಡುತ್ತಾನೆ. ಈ ಸಾಲವನ್ನು ಕುರಿತು ಇನ್ನಷ್ಟು ತಿಳಿಯಬೇಕೆಂಬ ಆಸೆ ನನಗೆ ಬಹಳ ಇದೆ.

19

1968ರಲ್ಲಿ ಟಿಬೆಟನ್ನರ ಪುನರ್ವಸತಿಗೆಂದು ಹುಟ್ಟಿದ ಸಂಸ್ಥೆ ಮೈರಾಡ. ಅದು ನಂತರ ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. 1980ರ ದಶಕದ ನಡುವೆ ಕೆಲವು ಸಹಕಾರ ಸಂಘಗಳು ಒಡೆದವು. ಒಡೆದ ಸಂಘದ ಸದಸ್ಯರು ತಮಗೆ ನಂಬಿಕೆಯಿದ್ದವರ ಜೊತೆ ಹತ್ತಿಪ್ಪತ್ತು ಮಂದಿಯ ಗುಂಪು ಕಟ್ಟಿಕೊಂಡರು. ವಾರ ವಾರ ಉಳಿತಾಯ, ಗುಂಪಿನೊಳಗೇ ಸಾಲ. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ಪ್ರಾಯೋಗಿಕವಾಗಿ ಶುರುವಾಯಿತು, ಆಮೇಲೆ ದೇಶಕ್ಕೆಲ್ಲ ಹರಡಿತು.

ಸೋತ ಸಂಘದಿಂದ ಬಂದದ್ದು ಇದು.

20

1984. ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಶುರುಮಾಡಿದರು. ಓದು ಮುಗಿಸಿ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಗೆ ಹೋದರು. ಕೆಂಚನಹಳ್ಳಿ, ಸರಗೂರುಗಳಲ್ಲಿ ಆಸ್ಪತ್ರೆ, ಹೊಸಹಳ್ಳಿಯಲ್ಲಿ ಶಾಲೆ. ಕಂಪನಿಯಲ್ಲ, ಲಾಭವಿಲ್ಲ. ಹಾಗಾಗಿ ಹೊಸ ಉದ್ಯಮಗಳ ಪಟ್ಟಿಯಲ್ಲಿ ಇದು ಬರುವುದಿಲ್ಲ. ನನ್ನ ಟಿಪ್ಪಣಿಯಲ್ಲಿ ಇರಲಿ.

21

ಕೆ.ಆರ್. ನಗರ ಬೇರೆ ಥರ. ಕಾವೇರಿಯ ನಾಲೆ ನೀರು, ಭತ್ತ, ಅಕ್ಕಿ ಗಿರಣಿ. ನೀರು ಬಿಡುವ ದಿನ ಗೊತ್ತು, ನಾಟಿಯ ದಿನ ಗೊತ್ತು. “ನಮ್ದು ನಾಲೆ ಬೇಸಾಯ, ಅವರ ಥರ ಆಡಕ್ಕಾಗಲ್ಲ” ಎಂದರು ಒಬ್ಬರು. ಅವರು ಅಂದರೆ ಹುಣಸೂರಿನವರು. ನಡುವೆ ಇರುವುದು ಒಂದು ಗಂಟೆಯ ಬಸ್ಸಿನ ದಾರಿ.

ಆದರೆ ಈ ಊರು ಜಾಗವನ್ನೇ ಬದಲಿಸಿದೆ. ಹೊಳೆದಂಡೆಯ ಎಡತೊರೆ ಪ್ರವಾಹಕ್ಕೆ ಸಿಕ್ಕಿ ಸಿಕ್ಕಿ, ಎತ್ತರದಲ್ಲಿ ಹೊಸ ಊರು ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅರ್ಕೇಶ್ವರ ದೇವಸ್ಥಾನ ಹಳೆಯ ಎಡತೊರೆಯಲ್ಲೇ ಉಳಿದಿದೆ. ಊರು ಎದ್ದು ಹೋಗುವಾಗ ಖರ್ಚು ಒಬ್ಬೊಬ್ಬರದೇ ಆಗಿರಲಿಲ್ಲ. ಅರಮನೆ ಬೆನ್ನಿಗಿತ್ತು.

22

ಕೆ.ಆರ್. ನಗರದ ಕಡೆ ಚುಂಚನಕಟ್ಟೆಯ ಶ್ರೀರಾಮ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತಿತ್ತು. ಷೇರು ಹಾಕಿದ್ದವರು ಕಬ್ಬು ಬೆಳೆಗಾರರು.

23

ವಯನಾಡಿನ ಚೆನ್ನಲೋಡು ಹಳ್ಳಿಯ ಕೂಲಿಕಾರರೊಬ್ಬರ ಮಗ ಪಿ.ಸಿ. ಮುಸ್ತಫಾ. ಆರನೇ ಕ್ಲಾಸಿನಲ್ಲಿ ನಪಾಸಾದವರು. ಎಂಜಿನಿಯರ್ ಆಗಿ ಹೊರದೇಶದಲ್ಲಿ ದುಡಿದು ಬಂದ ಮೇಲೆ, 2005ರಲ್ಲಿ ಸೋದರ ಸಂಬಂಧಿಗಳ ಜೊತೆ ಬೆಂಗಳೂರಿನಲ್ಲಿ ಇಡ್ಲಿ ಹಿಟ್ಟಿನ ವ್ಯಾಪಾರ ಶುರುಮಾಡಿದರು. ಕಂಪನಿಯ ಹೆಸರು ಐಡಿ ಫ್ರೆಶ್. ಅವರ ಜಿಲ್ಲೆಗೂ ಎಚ್.ಡಿ. ಕೋಟೆಗೂ ನಡುವೆ ಇರುವುದು ಕಾಡು ಮತ್ತು ಚೆಕ್‌ಪೋಸ್ಟ್.

ಅವರು ಹಿಟ್ಟಿಗೆ ಇಳಿಯುವ ಮೊದಲು ಸಂಬಳದ ಕೆಲಸದಲ್ಲಿ ಉಳಿಸಿದ ಹಣವಿತ್ತು, ಸೋತರೆ ಮತ್ತೆ ಕೆಲಸ ಸಿಗುವ ಓದಿತ್ತು. ಅವರ ಧೈರ್ಯ ಕಡಿಮೆ ಎನ್ನಲು ಇದನ್ನು ಬರೆಯುತ್ತಿಲ್ಲ.

24

ಕಂಪನಿ ಕಾನೂನಿನಲ್ಲಿ ಷೇರುದಾರ ಕಳೆದುಕೊಳ್ಳುವುದು ತನ್ನ ಷೇರಿನ ಮೊತ್ತವನ್ನು. ಮನೆ, ಹಸು, ಒಡವೆ ಅದರ ಹೊರಗೆ.

ಬ್ಯಾರನ್ ಇರುವ ಮನೆಯಲ್ಲಿ ಇಂಥ ಗೆರೆ ಇಲ್ಲ. ಬೆಳೆಗೆಂದು ತಂದ ಸಾಲ, ಮಗಳ ಮದುವೆಗೆ ಕೂಡಿಟ್ಟ ಹಣ, ಚೀಟಿ ಎತ್ತಿದ ದುಡ್ಡು ಒಂದೇ ಪೆಟ್ಟಿಗೆಯಲ್ಲಿ.

25

ಪತ್ರಿಕೆಗಳಲ್ಲಿ ಧೈರ್ಯದ ರೈತ ಎಂದು ಗಂಡಸಿನ ಫೋಟೋ ಬರುತ್ತದೆ. ಮೈಕ್ರೋಫೈನಾನ್ಸ್ ಸಾಲದ ಪುಸ್ತಕದಲ್ಲಿ ಇರುವುದು ಬಹುತೇಕ ಹೆಂಗಸಿನ ಹೆಸರು. ಸಾಲ ಕೊಡುವುದೇ ಹೆಂಗಸರ ಗುಂಪಿಗೆ. ಸೌದೆಯ ಲೋಡಿಗೆ, ಗೊಬ್ಬರಕ್ಕೆ, ಆಳಿನ ಬಟವಾಡೆಗೆ ಆ ದುಡ್ಡು ಹೋಗುತ್ತದೆ. ಬೇಲು ಮಾರಿದ ಹಣ ಬರುವುದು ಗಂಡಸಿನ ಖಾತೆಗೆ. ವಾರದ ಕಂತಿನ ದಿನ ಬಾಗಿಲಿಗೆ ಬರುವವರು ಕೇಳುವುದು ಅವಳನ್ನು.

ಕಂತು ವಾರಕ್ಕೊಮ್ಮೆ. ಬೆಳೆ ವರ್ಷಕ್ಕೊಮ್ಮೆ.

26

2025ರ ಜನವರಿಯಲ್ಲಿ ಚಾಮರಾಜನಗರ, ಮೈಸೂರು ಜಿಲ್ಲೆಗಳ ಹಳ್ಳಿಗಳಿಂದ ಸುದ್ದಿ ಬಂತು: ಕಂತು ಕಟ್ಟಲಾಗದೆ ಕೆಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟಿವೆ. ಫೆಬ್ರುವರಿ 12ರಂದು ರಾಜ್ಯಪಾಲರ ಅಂಕಿತದೊಂದಿಗೆ ಸುಗ್ರೀವಾಜ್ಞೆ ಬಂತು, ಆಮೇಲೆ ಅದು ಕಾಯ್ದೆಯಾಯಿತು. ಸಾಲ ವಸೂಲಿಯಲ್ಲಿ ದಬ್ಬಾಳಿಕೆ ಮಾಡಿದವರಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.

ಕಾಯ್ದೆ ಬೇಕಾಗಿತ್ತು. ಬೆಳೆ ಸೋತ ವರ್ಷ ನಷ್ಟದಲ್ಲಿ ಪಾಲು ಹೊರುವ ನಿಧಿ ಮಾತ್ರ ಅದರಲ್ಲಿ ಇಲ್ಲ.